ಡೆಸಿಮೇಟರ್: ಕ್ರಿಪ್ಟೋಸ್ ತಂಡದ ಏಳನೆಯ ಆಲ್ಬಂ

ಬೆಂಗಳೂರಿನ ಮೆಟಲ್ ತಂಡ ಕ್ರಿಪ್ಟೋಸ್ 2024ರಲ್ಲಿ ಹೊರತಂದ ಆಲ್ಬಂ ಡೆಸಿಮೇಟರ್. 1998ರಲ್ಲಿ ಕಟ್ಟಿದ ಈ ತಂಡದ ಏಳನೆಯ ಆಲ್ಬಂ ಇದು. ಪ್ರಕಾಶಕರು ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್. ಥ್ರ್ಯಾಶ್ ಮೆಟಲ್‌ನ ಒರಟು ದನಿ ಮತ್ತು ಅದಕ್ಕೂ ಹಿಂದಿನ ಬ್ರಿಟಿಷ್ ಹೆವಿ ಮೆಟಲ್‌ನ ಜೋಡಿ ಗಿಟಾರಿನ ಇಂಪು ಎರಡೂ ಕೂಡಿದ ಶೈಲಿ ಈ ತಂಡದ್ದು. ಕರ್ನಾಟಕದಲ್ಲಿ ಧ್ವನಿಮುದ್ರಿಕೆ ಎಂದರೆ ಬಹುಮಟ್ಟಿಗೆ ಸಿನಿಮಾ ಹಾಡು, ಭಕ್ತಿಗೀತೆ, ಭಾವಗೀತೆ, ಜನಪದ ಗೀತೆ. ಇವುಗಳಲ್ಲಿ ಯಾವುದರ ಆಸರೆಯೂ ಇಲ್ಲದೆ ಇಪ್ಪತ್ತಾರು ವರ್ಷ ಒಂದೇ ಹೆಸರಿನಲ್ಲಿ, ಒಂದೇ ಬಗೆಯ ಸಂಗೀತವನ್ನು ಹಿಡಿದು ಏಳು ಆಲ್ಬಂಗಳವರೆಗೆ ನಡೆದುಬಂದ ತಂಡಗಳು ಇಡೀ ಭಾರತದಲ್ಲೇ ಬೆರಳೆಣಿಕೆಯಷ್ಟು. ಡೆಸಿಮೇಟರ್‌ನ ಮಹತ್ವವನ್ನು ಅಳೆಯಬೇಕಾದದ್ದು ಈ ನಡಿಗೆಯ ಹಿನ್ನೆಲೆಯಲ್ಲಿ.

ಆಲ್ಬಂನ ಹೆಸರಿಗೆ ಮೂಲ ಲ್ಯಾಟಿನ್. ಆ ಭಾಷೆಯಲ್ಲಿ ಡೆಸಿಮಸ್ ಎಂದರೆ ಹತ್ತನೆಯದು. ಪ್ರಾಚೀನ ರೋಮನ್ ಸೈನ್ಯದಲ್ಲಿ ದಂಗೆಯೆದ್ದ ಅಥವಾ ರಣರಂಗದಿಂದ ಓಡಿಬಂದ ತುಕಡಿಗೆ ಒಂದು ಘೋರ ಶಿಕ್ಷೆಯಿತ್ತು: ಚೀಟಿ ಎತ್ತಿಸಿ ಹತ್ತು ಮಂದಿಗೆ ಒಬ್ಬನನ್ನು ಆರಿಸುವುದು, ಅವನನ್ನು ಉಳಿದ ಒಂಬತ್ತು ಜನ ಒಡನಾಡಿಗಳ ಕೈಯಿಂದಲೇ ಕೊಲ್ಲಿಸುವುದು. ಈಚಿನ ಬಳಕೆಯಲ್ಲಿ ಆ ಪದ ನಿರ್ನಾಮ ಮಾಡುವುದು ಎಂಬ ಅರ್ಥಕ್ಕೆ ಜಾರಿದೆ. ಮೆಟಲ್ ಸಂಗೀತದ ಹೆಸರುಗಳೆಲ್ಲ ಇಂಥವೇ: ಯುದ್ಧ, ಉಕ್ಕು, ರಾತ್ರಿ, ರಕ್ತ. ಹೊಸದಾಗಿ ಕೇಳುವವರಿಗೆ ಇದು ಅತಿ ಎನಿಸಬಹುದು. ಆದರೆ ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ಕೂತು ನಾಟಕ ನೋಡಿದವರಿಗೆ ಹೊಸದಾಗಬೇಕಾದ್ದೇನಿಲ್ಲ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಉತ್ತರ ಕರ್ನಾಟಕದ ಊರೂರುಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಅದರ ದ್ರೌಪದಿಯಾಗಿ ಬಳ್ಳಾರಿಯ ಸುಭದ್ರಮ್ಮ ಮನ್ಸೂರು ನಾಡಿನ ಮನೆಮಾತಾದರು. ಕೊಲೆ, ಸೇಡು, ಶಾಪಗಳನ್ನು ಎತ್ತರದ ದನಿಯಲ್ಲಿ ಹೇಳಿ ಮನಸ್ಸನ್ನು ಹಗುರ ಮಾಡಿಕೊಳ್ಳುವುದು ಬಯಲು ರಂಗಭೂಮಿಗೂ ಗೊತ್ತಿದ್ದ ದಾರಿಯೇ.

ಥ್ರ್ಯಾಶ್ ಎಂಬ ಮಾತಿಗೆ ಬಡಿ, ಚಚ್ಚು ಎಂದರ್ಥ. ಇಂಗ್ಲಿಷಿನಲ್ಲಿ ತೆನೆ ಒಕ್ಕುವುದಕ್ಕೆ ಇರುವ ಥ್ರೆಶ್ ಎಂಬ ಪದವೂ ಇದೂ ಒಂದೇ ಬೇರಿನಿಂದ ಒಡೆದವು. ಕಣದಲ್ಲಿ ಜೋಳ, ಸಜ್ಜೆಯ ತೆನೆ ಹರವಿ, ಎತ್ತು ಕಟ್ಟಿ ರೋಣಗಲ್ಲು ಹಾಯಿಸಿ, ಉಳಿದದ್ದನ್ನು ಕೋಲಿನಿಂದ ಬಡಿದು ಕಾಳು ಬೇರ್ಪಡಿಸುವ ಕೆಲಸ ಕಂಡವರಿಗೆ ಈ ಹೆಸರು ಹೊಂದುವ ಬಗೆ ಥಟ್ಟನೆ ತಿಳಿಯುತ್ತದೆ. ಒಂದೇ ಸಮನೆ ಬೀಳುವ ಪೆಟ್ಟು, ದಣಿವರಿಯದ ಆವರ್ತನೆ, ಅದರಿಂದ ಉದುರುವ ಕಾಳು ಈ ಮೂರೂ ಥ್ರ್ಯಾಶ್ ಸಂಗೀತದಲ್ಲಿವೆ.

ಈ ಪ್ರಕಾರದ ಬೇರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ನಗರದ ಒಂದು ತಗಡಿನ ಕಾರ್ಖಾನೆಯವರೆಗೆ ಹೋಗುತ್ತದೆ. 1965ರಲ್ಲಿ ಅಲ್ಲಿ ಕೆಲಸಕ್ಕಿದ್ದ 17 ವರ್ಷದ ಹುಡುಗ ಟೋನಿ ಐಯೋಮಿ, ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನ, ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕೊಟ್ಟ. ಎಡಗೈಯವನಾದ್ದರಿಂದ ಗಿಟಾರಿನ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಚರ್ಮದ ತುಂಡು ಅಂಟಿಸಿದ, ತೆಳುವಾದ ತಂತಿ ಕಟ್ಟಿದ. ಮುಂದೆ ತಂತಿಯ ಬಿಗುವನ್ನೂ ಇಳಿಸಿದ. ಬಿಗು ಇಳಿದಾಗ ಶ್ರುತಿಯೂ ಇಳಿಯಿತು, ಸದ್ದು ಮಂದ್ರಕ್ಕೆ ಹೋಗಿ ಭಾರವಾಯಿತು. ಆತ ಸೇರಿ ಕಟ್ಟಿದ ಬ್ಲ್ಯಾಕ್ ಸಬತ್ ತಂಡದ ಮೊದಲ ಆಲ್ಬಂ 1970ರಲ್ಲಿ ಬಂತು. ಹೆವಿ ಮೆಟಲ್‌ನ ಆರಂಭವನ್ನು ಹೆಚ್ಚಿನವರು ಗುರುತಿಸುವುದು ಅಲ್ಲಿಂದ. ಗಾಯಗೊಂಡ ಕೈಗೆ ಒಗ್ಗುವಂತೆ ವಾದ್ಯವನ್ನು ಬಗ್ಗಿಸಿಕೊಂಡದ್ದರಿಂದ ಒಂದು ಸಂಗೀತ ಪ್ರಕಾರ ರೂಪುಗೊಂಡ ಇಂಥ ನಿದರ್ಶನ ಮತ್ತೊಂದು ಸಿಗುವುದು ಕಷ್ಟ.

ಅದೇ ಸೀಮೆಯ ಜೂಡಸ್ ಪ್ರೀಸ್ಟ್, ಲಂಡನ್ನಿನ ಐರನ್ ಮೇಡನ್ ಮತ್ತು ಮೋಟರ್‌ಹೆಡ್ ತಂಡಗಳು 1970ರ ದಶಕದ ಕೊನೆಯ ಹೊತ್ತಿಗೆ ಮೆಟಲ್‌ಗೆ ವೇಗವನ್ನೂ ಜೋಡಿ ಗಿಟಾರಿನ ಹೆಣಿಗೆಯನ್ನೂ ತಂದವು. ಇದಕ್ಕೆ ಪಂಕ್ ಸಂಗೀತದ ಸಿಟ್ಟನ್ನು ಬೆರೆಸಿ ಇನ್ನಷ್ಟು ಓಡಿಸಿದವರು ಅಮೆರಿಕದ ಹುಡುಗರು. 1983ರಲ್ಲಿ ಮೆಟಾಲಿಕಾದ ‘ಕಿಲ್ ಎಮ್ ಆಲ್’ ಬಂತು. ಸ್ಲೇಯರ್, ಮೆಗಾಡೆತ್, ಆಂಥ್ರ್ಯಾಕ್ಸ್ ಜೊತೆಗೂಡಿದವು. ಈ ನಾಲ್ಕನ್ನು ಥ್ರ್ಯಾಶ್‌ನ ನಾಲ್ವರು ದೊಡ್ಡವರು ಎಂದು ಕರೆಯುವುದು ವಾಡಿಕೆ. 1986 ಈ ಪ್ರಕಾರದ ಸುಗ್ಗಿಯ ವರ್ಷ: ಮೆಟಾಲಿಕಾದ ‘ಮಾಸ್ಟರ್ ಆಫ್ ಪಪೆಟ್ಸ್’, ಸ್ಲೇಯರ್‌ನ ‘ರೇನ್ ಇನ್ ಬ್ಲಡ್’, ಮೆಗಾಡೆತ್‌ನ ‘ಪೀಸ್ ಸೆಲ್ಸ್’, ಜರ್ಮನಿಯ ಕ್ರಿಯೇಟರ್ ತಂಡದ ‘ಪ್ಲೆಷರ್ ಟು ಕಿಲ್’ ಎಲ್ಲವೂ ಆ ಒಂದೇ ವರ್ಷದವು. ಸ್ಲೇಯರ್‌ನ ಹತ್ತು ಹಾಡುಗಳ ಆಲ್ಬಂ ಅರ್ಧ ಗಂಟೆಯೊಳಗೆ ಮುಗಿದುಹೋಗುತ್ತದೆ.

ಈ ಸದ್ದು ಹುಟ್ಟುವ ಬಗೆಯನ್ನು ನಮ್ಮ ಸಂಗೀತದ ಮಾತಿನಲ್ಲೇ ವಿವರಿಸಬಹುದು. ಎಲೆಕ್ಟ್ರಿಕ್ ಗಿಟಾರಿನ ಸಂಕೇತವನ್ನು ಆಂಪ್ಲಿಫೈಯರ್ ತಾಳಲಾರದಷ್ಟು ಹಿಗ್ಗಿಸಿದಾಗ ನಾದದ ಅಲೆಯ ತಲೆಗಳು ಕತ್ತರಿಸಿದಂತಾಗಿ, ಮೂಲ ಸ್ವರದೊಡನೆ ಹತ್ತಾರು ಉಪಸ್ವರಗಳು ಎದ್ದುಬರುತ್ತವೆ. ಅದಕ್ಕೆ ಡಿಸ್ಟಾರ್ಷನ್ ಎನ್ನುತ್ತಾರೆ. ಇಂಥ ಸದ್ದಿನಲ್ಲಿ ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಮಿಡಿದರೆ ಕಲಸಿ ರಾಡಿಯಾಗುತ್ತದೆ. ಆದ್ದರಿಂದ ಮೆಟಲ್ ವಾದಕರು ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮವನ್ನಷ್ಟೇ ಹಿಡಿಯುತ್ತಾರೆ. ಪವರ್ ಕಾರ್ಡ್ ಎಂದು ಅವರು ಕರೆಯುವುದು ಇದನ್ನೇ. ತಂಬೂರಿ ಮೀಟಿದಾಗ ಕಿವಿಗೆ ಬೀಳುವ ಸ್ವರಸಂಬಂಧವೂ ಅದೇ. ತಂಬೂರಿಯಲ್ಲಿ ಅದು ಶಾಂತವಾಗಿ ಹರಡಿಕೊಳ್ಳುತ್ತದೆ, ಇಲ್ಲಿ ಗುದ್ದಿದಂತೆ ಬರುತ್ತದೆ.

ಗುದ್ದಿನ ಗುಣ ಬರುವುದು ಬಲಗೈಯಿಂದ. ಅಂಗೈಯ ಅಂಚನ್ನು ಗಿಟಾರಿನ ಕುದುರೆಯ ಬಳಿ ತಂತಿಗೆ ಸೋಕಿಸಿಟ್ಟುಕೊಂಡು ಮೇಲಿನಿಂದ ಕೆಳಕ್ಕೆ ಮಾತ್ರ ಹೊಡೆಯುತ್ತ ಹೋದರೆ, ನಾದ ಅರಳುವ ಮೊದಲೇ ಉಸಿರು ಕಟ್ಟಿ ‘ಜಗ್ ಜಗ್’ ಎಂಬ ಒಣ ಸದ್ದು ಬರುತ್ತದೆ. ಹಲಗೆ ಬಾರಿಸುವವರು ಹುಲ್ಲು ಹೊತ್ತಿಸಿ, ಬೆಂಕಿಯ ಮೇಲೆ ಹಲಗೆ ಹಿಡಿದು, ಚರ್ಮ ಬಿಗಿಯಾಗುವವರೆಗೆ ಕಾಯಿಸಿಕೊಂಡು ಬೆರಳಿನಿಂದ ತಟ್ಟಿ ನೋಡುತ್ತಾರಲ್ಲ, ಆ ಒಣ ಬಿಗುವಿಗಾಗಿಯೇ ಗಿಟಾರ್ ವಾದಕನೂ ಅಂಗೈಯ ಜಾಗವನ್ನು ಎಳ್ಳಷ್ಟು ಹಿಂದೆ ಮುಂದೆ ಸರಿಸಿಕೊಳ್ಳುತ್ತಾನೆ. ಹೀಗೆ ಮತ್ತೆ ಮತ್ತೆ ಮರಳುವ ಗಿಟಾರಿನ ಚಿಕ್ಕ ಪಲ್ಲವಿಗೆ ರಿಫ್ ಎಂದು ಹೆಸರು. ಥ್ರ್ಯಾಶ್ ಹಾಡಿನ ಜೀವವಿರುವುದು ರಿಫ್‌ನಲ್ಲಿ. ಸಾಹಿತ್ಯ, ಗಾಯನ ಆಮೇಲಿನ ಮಾತು. ರಿಫ್‌ಗಳು ಷಡ್ಜದ ನೆತ್ತಿಯ ಮೇಲೇ ಕೂತ ಕೋಮಲ ರಿಷಭವನ್ನು ಹೆಚ್ಚು ಬಳಸುತ್ತವೆ. ಪಾಶ್ಚಾತ್ಯರು ಫ್ರಿಜಿಯನ್ ಎನ್ನುವ ಆ ಸ್ವರಗುಚ್ಛ ಹಿಂದೂಸ್ತಾನಿಯ ಭೈರವಿ ಥಾಟಿಗೆ, ಕರ್ನಾಟಕ ಸಂಗೀತದ ಹನುಮತೋಡಿ ಮೇಳಕ್ಕೆ ಸಮ. ಸ್ವರ ಅವೇ ಆದರೂ ಗಮಕವಿಲ್ಲ, ರಾಗದ ಚಲನೆಯಿಲ್ಲ. ಹಾಗಾಗಿ ಭೈರವಿಯ ಕರುಣೆ ಅಲ್ಲಿ ಸಿಗುವುದಿಲ್ಲ.

ಡ್ರಮ್ಮಿನ ಕೆಲಸ ಇನ್ನೂ ದುಡಿಮೆಯದು. ಎರಡು ಕಾಲಿಗೆ ಎರಡು ಪೆಡಲ್ ಕಟ್ಟಿಕೊಂಡು ದೊಡ್ಡ ಡ್ರಮ್ಮನ್ನು ಒದೆಯುವ ಪದ್ಧತಿ ಥ್ರ್ಯಾಶ್‌ನಲ್ಲಿ ಸಾಮಾನ್ಯ. ನಿಮಿಷಕ್ಕೆ 180 ಮಾತ್ರೆಯ ಲಯದಲ್ಲಿ ಮಾತ್ರೆಗೆ ನಾಲ್ಕು ಪೆಟ್ಟು ಹಾಕಿದರೆ ಸೆಕೆಂಡಿಗೆ 12 ಪೆಟ್ಟಾಯಿತು. ಅದು ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ. ಕೊಟ್ಟೂರಿನ ಗುರುಬಸವೇಶ್ವರನ ತೇರಿನಲ್ಲಿ ಸಮಾಳ, ನಂದಿಕೋಲುಗಳ ಮಗ್ಗುಲಲ್ಲಿ ನಿಂತವರಿಗೆ ಈ ಅನುಭವದ ಪರಿಚಯವಿದೆ: ಸದ್ದು ಹೊರಗಿನದೋ ಮೈಯೊಳಗಿನದೋ ಎಂಬುದು ಗೊತ್ತಾಗದ ಸ್ಥಿತಿ ಅದು. ಮೆಟಲ್ ಕಛೇರಿಯಲ್ಲಿ ಯುವಕರು ತಲೆಗೂದಲು ಬಿಟ್ಟು ಕತ್ತು ಕುಣಿಸುವುದನ್ನು ದೂರದಿಂದ ನೋಡಿ ಹುಚ್ಚಾಟ ಎನ್ನುವವರಿದ್ದಾರೆ. ವಾದ್ಯದ ಪೆಟ್ಟಿಗೆ ಮೈಯನ್ನು ಒಪ್ಪಿಸುವ ರೂಢಿ ನಮ್ಮ ಜಾತ್ರೆಗಳಲ್ಲಿ ಅದಕ್ಕಿಂತ ಬಹಳ ಹಳೆಯದು.

ಮೆಟಲ್ ಬೆಳೆದ ಊರುಗಳ ಪಟ್ಟಿಯಲ್ಲಿ ಒಂದು ಕುತೂಹಲದ ಸಂಗತಿಯಿದೆ. ಬರ್ಮಿಂಗ್‌ಹ್ಯಾಂ ಲೋಹದ ಕೆಲಸದ ಊರು. ಕ್ರಿಯೇಟರ್ ತಂಡದ ಎಸ್ಸೆನ್ ನಗರ ಜರ್ಮನಿಯ ಕಲ್ಲಿದ್ದಲು-ಉಕ್ಕಿನ ಸೀಮೆಯಾದ ರೂರ್‌ನಲ್ಲಿದೆ. ಬ್ರೆಜಿಲ್‌ನ ಸೆಪುಲ್ಟುರಾ 1984ರಲ್ಲಿ ಹುಟ್ಟಿದ ಬೆಲೊ ಹಾರಿಜಾಂಟೆ ಮಿನಾಸ್ ಜೆರಾಯ್ಸ್ ರಾಜ್ಯದ ರಾಜಧಾನಿ. ಆ ರಾಜ್ಯದ ಹೆಸರಿನಲ್ಲೇ ಗಣಿ ಇದೆ, ಅಲ್ಲಿನ ಕಬ್ಬಿಣದ ಅದಿರು ಲೋಕಪ್ರಸಿದ್ಧ. ಇದನ್ನು ಓದುವಾಗ ಹಳೆಯ ಬಳ್ಳಾರಿ ಜಿಲ್ಲೆಯವರಿಗೆ ಸಂಡೂರಿನ ಗುಡ್ಡಗಳು, ದೋಣಿಮಲೆಯ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನೆನಪಾಗದೆ ಇರವು. ಆದರೆ ಕರ್ನಾಟಕದಲ್ಲಿ ಮೆಟಲ್ ನೆಲೆ ಕಂಡುಕೊಂಡದ್ದು ಅದಿರಿನ ಸೀಮೆಯಲ್ಲಿ ಅಲ್ಲ, ಬೆಂಗಳೂರಿನಲ್ಲಿ. ಅದಕ್ಕೆ ಕಾರಣಗಳು ಸರಳ. ಗಿಟಾರ್, ಆಂಪ್ಲಿಫೈಯರ್, ಡ್ರಮ್‌ಸೆಟ್ ಸಿಗುವ ಅಂಗಡಿ ಬೇಕು. ನೆರೆಯವರು ಬಾಗಿಲು ತಟ್ಟದ ಅಭ್ಯಾಸದ ಕೋಣೆ ಬೇಕು. ಇಂಗ್ಲಿಷ್ ಹಾಡು ಕೇಳುವ ಕಾಲೇಜು ಹುಡುಗರು ಬೇಕು. ದಂಡು ಪ್ರದೇಶದ ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತ ಕುಟುಂಬಗಳಲ್ಲಿ ಗಿಟಾರ್, ಪಿಯಾನೊ ನುಡಿಸುವ ರೂಢಿ ಮೊದಲಿನಿಂದ ಇದ್ದುದರಿಂದ ಬೆಂಗಳೂರಿಗೆ ಈ ಮೂರೂ ಒದಗಿದವು.

ಕೇಳುಗರನ್ನು ಬೆಳೆಸಿದ್ದು ಕ್ಯಾಸೆಟ್. ಒಬ್ಬರ ಬಳಿ ಬಂದ ವಿದೇಶಿ ಕ್ಯಾಸೆಟ್ಟನ್ನು ಜೋಡಿ ಡೆಕ್ಕಿನ ಟೇಪ್ ರೆಕಾರ್ಡರಿನಲ್ಲಿ ಹಾಕಿ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವುದು, ಅದರಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು. ಮೂರು ಕೈ ದಾಟುವಷ್ಟರಲ್ಲಿ ಹಾಡಿನ ಹಿಂದೆ ‘ಸ್ಸ್’ ಎಂಬ ಹಿಸುಹಿಸು ಸದ್ದು ಸೇರಿಕೊಂಡಿರುತ್ತಿತ್ತು. ಹಾಡುಗಳ ಹೆಸರನ್ನು ಬಾಲ್‌ಪೆನ್ನಿನಲ್ಲಿ ಬರೆದ ಚೀಟಿ ಡಬ್ಬಿಯೊಳಗೆ ಇರುತ್ತಿತ್ತು, ಕಾಗುಣಿತ ಹೇಗಿದ್ದರೂ ಸರಿ. ಒಂದು ತಲೆಮಾರು ಗಿಟಾರ್ ಕಲಿತದ್ದು ಇಂಥ ಕ್ಯಾಸೆಟ್ಟನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ಒಂದೊಂದೇ ರಿಫ್ಫನ್ನು ಕಿವಿಯಿಂದ ಹೆಕ್ಕಿಕೊಂಡು. 1990ರ ದಶಕದ ಮೊದಲಲ್ಲಿ ಉಪಗ್ರಹ ಟೀವಿ ಬಂದಾಗ, ಅಷ್ಟು ದಿನ ಕೇಳಿದ್ದ ಸದ್ದಿಗೆ ಮುಖಗಳು ಸೇರಿದವು.

1980ರ ದಶಕದ ಕೊನೆಗೆ ಬೆಂಗಳೂರಿನಲ್ಲಿ ಮಿಲೇನಿಯಂ ತಂಡ ಸ್ವಂತ ಮೆಟಲ್ ಹಾಡುಗಳನ್ನು ನುಡಿಸುತ್ತಿತ್ತು. ಬೇರೆಯವರ ಹಾಡನ್ನು ನಕಲು ಮಾಡುವುದೇ ಕಛೇರಿಯಾಗಿದ್ದ ಕಾಲದಲ್ಲಿ ಅದು ಧೈರ್ಯದ ಕೆಲಸ. 1991ರಲ್ಲಿ ಶುರುವಾದ ಡೈಯಿಂಗ್ ಎಂಬ್ರೇಸ್ ಇನ್ನೂ ಕರಾಳವಾದ ಡೆತ್-ಡೂಮ್ ಶೈಲಿಗೆ ಹೊರಳಿತು. ಥ್ರೆನೊಡಿ ನೇರವಾಗಿ ಥ್ರ್ಯಾಶ್‌ನ ದಾರಿ ಹಿಡಿಯಿತು. 2007ರಲ್ಲಿ ಬಂದ ಇನ್ನರ್ ಸ್ಯಾಂಕ್ಟಂ ಥ್ರ್ಯಾಶ್‌ಗೆ ಡೆತ್ ಮೆಟಲ್ ಬೆರೆಸಿತು. ಕ್ರಿಪ್ಟೋಸ್ ಹುಟ್ಟಿದ್ದು ಈ ಸಾಲಿನ ನಡುವೆ.

ಹೊರಗಿನ ದೊಡ್ಡ ತಂಡಗಳು ಬೆಂಗಳೂರಿಗೆ ಬರತೊಡಗಿದ್ದು ಆಮೇಲೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿದ್ದು ಭಾರತದ ಮೆಟಲ್ ಪ್ರಿಯರ ಪಾಲಿಗೆ ಕಾಲವನ್ನು ಹಿಂದೆ ಮುಂದೆ ಎಂದು ವಿಂಗಡಿಸುವ ದಿನ. ಮರುವರ್ಷ ಮೆಗಾಡೆತ್ ಬಂತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅದೇ ಮೈದಾನದಲ್ಲಿ ನುಡಿಸಿತು; ಎರಡು ದಿನ ಮೊದಲು ಗುರಗಾಂವ್‌ನಲ್ಲಿ ನಡೆಯಬೇಕಿದ್ದ ಕಛೇರಿ ತಡೆಗೋಡೆ ಕುಸಿದು ರದ್ದಾಗಿದ್ದರಿಂದ ಭಾರತದಲ್ಲಿ ಆ ತಂಡದ ಮೊದಲ ಕಛೇರಿ ಎಂಬ ಹೆಸರು ಬೆಂಗಳೂರಿಗೆ ಬಂತು. 2012ರಲ್ಲಿ ಸ್ಲೇಯರ್ ಬಂತು. ಅದೇ ವರ್ಷ ಆರಂಭವಾದ ಬೆಂಗಳೂರು ಓಪನ್ ಏರ್ ಎಂಬ ಉತ್ಸವ ಮೆಟಲ್‌ಗೇ ಮೀಸಲಾಗಿ, ಹೊರಗಿನ ತಂಡಗಳ ಜೊತೆಗೆ ಇಲ್ಲಿನವರಿಗೂ ಅದೇ ವೇದಿಕೆ ಕೊಟ್ಟಿತು.

ಕ್ರಿಪ್ಟೋಸ್ ತಂಡವನ್ನು 1998ರಲ್ಲಿ ಕಟ್ಟಿದವರು ಗಿಟಾರ್ ವಾದಕ ನೋಲನ್ ಲೂಯಿಸ್ ಮತ್ತು ಬಾಸ್ ಗಿಟಾರ್ ನುಡಿಸುತ್ತಿದ್ದ ಗಣೇಶ್ ಕೃಷ್ಣಸ್ವಾಮಿ. ಗ್ರೀಕ್ ಭಾಷೆಯಲ್ಲಿ ಕ್ರಿಪ್ಟೋಸ್ ಎಂದರೆ ಗುಪ್ತವಾದದ್ದು. ಸದಸ್ಯರು ಬದಲಾಗುತ್ತ ಬಂದರೂ ಲೂಯಿಸ್ ಮೊದಲಿನಿಂದ ಉಳಿದುಕೊಂಡು ಗಾಯನವನ್ನೂ ವಹಿಸಿಕೊಂಡರು. ಜೋಡಿ ಗಿಟಾರಿನ ಇನ್ನೊಂದು ಎಳೆ ರೋಹಿತ್ ಚತುರ್ವೇದಿಯವರದು. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ 2004ರಲ್ಲಿ ಬಂತು. ಆರು ವರ್ಷದ ತಯಾರಿ. ಎರಡನೆಯದು 2008ರ ‘ದಿ ಆರ್ಕ್ ಆಫ್ ಜೆಮಿನಿ’, ಮೂರನೆಯದು 2012ರ ‘ದಿ ಕಾಯಿಲ್ಸ್ ಆಫ್ ಅಪೋಲಿಯನ್’. ಈ ಮೂರರಲ್ಲಿ ಥ್ರ್ಯಾಶ್‌ನ ಅಂಶ ಗಾಢ. ಹಾಡುಗಳು ಉದ್ದ, ತಿರುವುಗಳು ಹೆಚ್ಚು; ಒಂದು ಹಾಡಿನೊಳಗೆ ನಾಲ್ಕೈದು ರಿಫ್‌ಗಳು ಬಂದುಹೋಗುತ್ತವೆ.

2010ರಲ್ಲಿ ತಂಡ ಯುರೋಪಿನ ಪ್ರವಾಸ ಮಾಡಿತು. 2013ರಲ್ಲಿ ಜರ್ಮನಿಯ ವಾಕೆನ್ ಓಪನ್ ಏರ್ ಉತ್ಸವದಲ್ಲಿ ನುಡಿಸಿತು. ವಾಕೆನ್ ಉತ್ತರ ಜರ್ಮನಿಯ ಒಂದು ಹಳ್ಳಿ, ಎರಡು ಸಾವಿರದ ಆಸುಪಾಸು ಜನ ಇರುವ ಊರು. 1990ರಿಂದ ಅಲ್ಲಿ ವರ್ಷಕ್ಕೊಮ್ಮೆ ಮೆಟಲ್ ಉತ್ಸವ ನಡೆಯುತ್ತದೆ, ಎಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ. ಹೊಲಗಳಲ್ಲಿ ಡೇರೆ ಏಳುತ್ತವೆ, ಮಳೆ ಬಂದರೆ ಮೊಣಕಾಲುದ್ದ ಕೆಸರು, ಊರಿನವರೇ ಅಂಗಡಿ ಇಟ್ಟು ಬಂದವರಿಗೆ ಉಣ್ಣಲು ಕೊಡುತ್ತಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆ ಕಂಡವರಿಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿಯೂ ಚಿಕ್ಕ ಊರಿಗೆ ಲಕ್ಷಾಂತರ ಜನ ಬಂದು ಬಯಲಲ್ಲೇ ಬೀಡುಬಿಡುತ್ತಾರೆ. ಡಮರುಗ ಹಿಡಿದ ಗೊರವರು, ಧೂಳು, ಗದ್ದಲ. ಕಾರ್ಣಿಕದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಅಷ್ಟೂ ಜನ ಉಸಿರು ಬಿಗಿಹಿಡಿದು ಸುಮ್ಮನಾಗುವ ಕ್ಷಣವೊಂದಿದೆ. ಒಳ್ಳೆಯ ಮೆಟಲ್ ಹಾಡಿನಲ್ಲಿಯೂ ವಾದ್ಯಗಳೆಲ್ಲ ಒಮ್ಮೆಗೇ ನಿಂತು, ಅರೆಗಳಿಗೆ ಮೌನ ಬಿದ್ದು, ಮತ್ತೆ ಒಟ್ಟಿಗೆ ಅಪ್ಪಳಿಸುವ ಜಾಗವಿರುತ್ತದೆ. ದೊಡ್ಡ ಸದ್ದಿಗೆ ಬೆಲೆ ಬರುವುದು ಆ ಮೌನದಿಂದ. ಕ್ರಿಪ್ಟೋಸ್ ಅದನ್ನು ಬಲ್ಲ ತಂಡ.

2016ರ ‘ಬರ್ನ್ ಅಪ್ ದ ನೈಟ್’ ತಂಡದ ನಡಿಗೆಯ ತಿರುವು. ಥ್ರ್ಯಾಶ್‌ನ ಓಟ ತಗ್ಗಿತು, ಹಾಡುಗಳು ಚಿಕ್ಕವಾದವು, 1980ರ ದಶಕದ ಹೆವಿ ಮೆಟಲ್ ಮುಂದಕ್ಕೆ ಬಂತು. 2019ರ ‘ಆಫ್ಟರ್‌ಬರ್ನರ್’, 2021ರ ‘ಫೋರ್ಸ್ ಆಫ್ ಡೇಂಜರ್’ ಅದೇ ಹಾದಿಯಲ್ಲಿ ಮುಂದುವರಿದವು. ಇವೆರಡರಲ್ಲಿ ಎರಡನೆಯದು ಕೊರೋನಾ ಕಾಲದ್ದು. ಕಛೇರಿಗಳೆಲ್ಲ ನಿಂತುಹೋಗಿದ್ದ ವರ್ಷದಲ್ಲಿ ಬಂದದ್ದು. ಹಳೆಯ ಥ್ರ್ಯಾಶ್ ಅಭಿಮಾನಿಗಳಲ್ಲಿ ಕೆಲವರಿಗೆ ಈ ತಿರುವು ರುಚಿಸಲಿಲ್ಲ. ಆದರೆ ವಯಸ್ಸಾದಂತೆ ವೇಗವನ್ನು ಬಿಟ್ಟುಕೊಟ್ಟು ಹಾಡಿನ ಕಟ್ಟಡವನ್ನು ಬಿಗಿಮಾಡಿಕೊಂಡದ್ದು ಸರಿಯಾದ ಆಯ್ಕೆ ಎಂಬುದಕ್ಕೆ ಮುಂದಿನ ಆಲ್ಬಂಗಳೇ ಸಾಕ್ಷಿ.

ಡೆಸಿಮೇಟರ್ ಈ ಎರಡನೆಯ ಘಟ್ಟದ ನಾಲ್ಕನೆಯ ಆಲ್ಬಂ. ‘ಸೈರನ್ಸ್ ಆಫ್ ಸ್ಟೀಲ್’, ‘ಟರ್ನ್ ಅಪ್ ದ ಹೀಟ್’, ‘ಎಲೆಕ್ಟ್ರಿಫೈ’, ‘ವಿ ಆರ್ ದ ನೈಟ್’ ಮುಂತಾದ ಹಾಡುಗಳು ಇದರಲ್ಲಿವೆ. ಲಯ ಹೆಚ್ಚಾಗಿ ಮಧ್ಯಮ ಕಾಲದ್ದು, ಕೇಳುಗನ ಕಾಲು ತಾನಾಗಿ ತಾಳ ಹಾಕುವಷ್ಟು. ಪ್ರತಿ ಹಾಡೂ ಒಂದೆರಡು ರಿಫ್‌ಗಳ ಮೇಲೆ ನಿಂತಿದೆ. ಪಲ್ಲವಿಗೆ ಬಂದಾಗ ಸಭೆ ದನಿಗೂಡಿಸುವಂತೆ ಮಾತು ಕಡಿಮೆ, ಎಳೆ ಸ್ಪಷ್ಟ. ಲೂಯಿಸ್ ಅವರ ಕಂಠ ಜೂಡಸ್ ಪ್ರೀಸ್ಟ್, ಐರನ್ ಮೇಡನ್ ಗಾಯಕರ ಹಾಗೆ ತಾರಕ್ಕೆ ಏರುವುದಿಲ್ಲ. ಅದು ಗಂಟಲಿನಿಂದ ಕೆರೆದುಕೊಂಡು ಬರುವ ಕರಕರ ದನಿ, ಜರ್ಮನಿಯ ಥ್ರ್ಯಾಶ್ ತಂಡಗಳ ಬಳಗದ್ದು. ಇಂಪಾದ ಗಿಟಾರಿನ ಮೇಲೆ ಒರಟು ಕಂಠ ಕೂರಿಸುವ ಈ ಜೋಡಣೆಯೇ ತಂಡದ ಗುರುತು. ಥ್ರ್ಯಾಶ್ ಹಿಂದೆ ಸರಿದ ಮೇಲೂ ತಂಡದೊಳಗೆ ಅದು ಉಳಿದಿರುವುದು ಮುಖ್ಯವಾಗಿ ಈ ಕಂಠದಲ್ಲಿ.

ಆಲ್ಬಂನಲ್ಲಿ ಗಮನವಿಟ್ಟು ಕೇಳಬೇಕಾದದ್ದು ಎರಡು ಗಿಟಾರ್‌ಗಳ ನಡುವಿನ ಸಂಬಂಧ. ಒಂದು ಗಿಟಾರ್ ಷಡ್ಜದಲ್ಲಿ ಹೊರಟರೆ ಇನ್ನೊಂದು ಗಾಂಧಾರದಿಂದ ಹೊರಟು, ಅಷ್ಟೇ ಅಂತರ ಕಾಯ್ದುಕೊಂಡು ಜೊತೆಜೊತೆಗೆ ಏರಿಳಿಯುತ್ತವೆ. ಮೂಡಲಪಾಯದಲ್ಲಿ ಭಾಗವತ ಎತ್ತಿದ ಪದವನ್ನು ಹಿಮ್ಮೇಳದವರು ಹಿಂದಿನಿಂದ ಹಿಡಿದುಕೊಳ್ಳುವುದು ಬೇರೆ. ಇಲ್ಲಿ ಇಬ್ಬರೂ ಏಕಕಾಲಕ್ಕೆ ಎರಡು ಸ್ವರದಲ್ಲಿ ಅದೇ ಮಾತನ್ನಾಡುತ್ತಾರೆ. ಒಬ್ಬನ ಕೈ ಕೂದಲೆಳೆಯಷ್ಟು ತಡವಾದರೂ ಹೊಂದಿಕೆ ಕೆಡುತ್ತದೆ. ಇಬ್ಬರು ವಾದಕರು ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತು ನುಡಿಸಿದರೆ ಮಾತ್ರ ಬರುವ ಗುಣ ಇದು. ಸ್ಟುಡಿಯೋದ ಯಂತ್ರ ಇದನ್ನು ತಿದ್ದಬಲ್ಲದು, ಹುಟ್ಟಿಸಲಾರದು.

ಭಾರತದ ತಂಡ ಎಂದಾಗ ಸಿತಾರ್, ತಬಲಾ ಎಲ್ಲಿ ಎಂದು ಹುಡುಕುವ ಕೇಳುಗರು ಹೊರ ದೇಶಗಳಲ್ಲಿದ್ದಾರೆ. ಸೆಪುಲ್ಟುರಾ 1996ರ ‘ರೂಟ್ಸ್’ ಆಲ್ಬಂನಲ್ಲಿ ಬ್ರೆಜಿಲ್‌ನ ಶವಾಂಟೆ ಬುಡಕಟ್ಟಿನವರೊಂದಿಗೆ ಧ್ವನಿಮುದ್ರಿಸಿ, ತನ್ನ ನೆಲದ ತಾಳಗಳನ್ನು ಮೆಟಲ್‌ಗೆ ತಂದಿತು. ಆ ಕೆಲಸ ದೊಡ್ಡದು. ಕ್ರಿಪ್ಟೋಸ್ ಆ ದಾರಿ ಹಿಡಿಯಲಿಲ್ಲ. ಡೆಸಿಮೇಟರ್‌ನಲ್ಲಿಯೂ ಭಾರತೀಯ ವಾದ್ಯವಿಲ್ಲ. ಕ್ಯಾಸೆಟ್ಟಿನಲ್ಲಿ ಕೇಳಿ ಬೆಳೆದ ಸಂಗೀತವೇ ತಮ್ಮ ಪರಂಪರೆ, ಅದನ್ನು ಯಾರಿಗೂ ಕಡಿಮೆಯಿಲ್ಲದಂತೆ ನುಡಿಸುವುದೇ ತಮ್ಮ ಕೆಲಸ ಎಂಬ ನಿಲುವು ಅವರ ಏಳೂ ಆಲ್ಬಂಗಳಿಂದ ಹೊಮ್ಮುತ್ತದೆ. ಈ ನಿಲುವಿಗೆ ಗೌರವ ಸಲ್ಲಬೇಕು. ಹಾಗಿದ್ದೂ ಸಮಾಳದ ನಾಡಿನಲ್ಲಿ, ಕರಡಿ ಮಜಲಿನ ನಾಡಿನಲ್ಲಿ ಜೋಡಿ ಪೆಡಲಿನ ಡ್ರಮ್ಮು ಆ ವಾದ್ಯಗಳನ್ನು ಒಮ್ಮೆ ಎದುರುಗೊಂಡರೆ ಏನಾದೀತು ಎಂಬ ಆಸೆ ಕನ್ನಡದ ಕೇಳುಗನಲ್ಲಿ ಉಳಿದೇ ಇರುತ್ತದೆ.

ಭಾಷೆಯ ಪ್ರಶ್ನೆಯೂ ಇದಕ್ಕೆ ಹೊಂದಿಕೊಂಡಿದೆ. ಡೆಸಿಮೇಟರ್‌ನ ಹಾಡುಗಳೆಲ್ಲ ಇಂಗ್ಲಿಷಿನವು. ಬೆಂಗಳೂರಿನ ಮೆಟಲ್ ತಂಡಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ಹಾಡುತ್ತವೆ. ಕನ್ನಡ ಅಲ್ಲಿಗೆ ಹೆಚ್ಚಾಗಿ ಹಿಂಬಾಗಿಲಿನಿಂದ ಬಂದಿದೆ: ಕ್ರಿಪ್ಟೋಸ್ ಕಟ್ಟಿದವರಲ್ಲಿ ಒಬ್ಬರಾದ ಗಣೇಶ್ ಕೃಷ್ಣಸ್ವಾಮಿ ಮುಂದೆ ಹಾಡಿದ ಡೂಮ್ ಮೆಟಲ್ ತಂಡದ ಹೆಸರು ಬೆವರ್ ಸೀ. ಇಂಗ್ಲಿಷಿನ ವೇಷ ತೊಟ್ಟ ಆ ಹೆಸರನ್ನು ಒಟ್ಟುಗೂಡಿಸಿ ಓದಿದರೆ ಊರಿನ ಬೈಗುಳ ಬೇವರ್ಸಿ ಕೇಳಿಸುತ್ತದೆ. ರಾಕ್ ಸಂಗೀತಕ್ಕೆ ಕನ್ನಡವನ್ನು ಮುಂಬಾಗಿಲಿನಿಂದ ಕರೆತಂದವರು ರಘು ದೀಕ್ಷಿತ್, ಸ್ವರಾತ್ಮ ತಂಡದಂಥವರು. ರಘು ದೀಕ್ಷಿತ್ ಶಿಶುನಾಳ ಷರೀಫರ ತತ್ವಪದಗಳನ್ನು ಎಲೆಕ್ಟ್ರಿಕ್ ಗಿಟಾರಿನ ಜೊತೆ ಹಾಡಿ ಹೊರದೇಶಗಳಿಗೂ ಮುಟ್ಟಿಸಿದರು. ಥ್ರ್ಯಾಶ್‌ಗೆ ಅಂಥ ಕೈ ಇನ್ನೂ ಒದಗಿಲ್ಲ. ಒತ್ತಕ್ಷರಗಳಿಂದ ಕಿಕ್ಕಿರಿದ, ಬೈಗುಳಕ್ಕೂ ಶಾಪಕ್ಕೂ ಬಡತನವಿಲ್ಲದ ಕನ್ನಡ ಈ ಸಂಗೀತಕ್ಕೆ ಒಗ್ಗದು ಎನ್ನಲು ಕಾರಣವಿಲ್ಲ. ಬಯಲಾಟದ ರಕ್ಕಸನ ಆರ್ಭಟವನ್ನು ಒಮ್ಮೆ ಕೇಳಿದವರು ಈ ಮಾತನ್ನು ಒಪ್ಪುತ್ತಾರೆ.

ಇಂಥ ತಂಡಗಳು ಬದುಕುವ ಬಗೆ ಕಷ್ಟದ್ದು. ಭಾರತದಲ್ಲಿ ಮೆಟಲ್ ನುಡಿಸುವ ಹೆಚ್ಚಿನವರಿಗೆ ಅದರಿಂದ ಹೊಟ್ಟೆ ತುಂಬುವುದಿಲ್ಲ. ಹಗಲು ಬೇರೆ ಕೆಲಸ, ಸಂಜೆ ಅಥವಾ ವಾರದ ಕೊನೆಗೆ ಅಭ್ಯಾಸ. ಕಛೇರಿಗೆ ಜಾಗ ಸಿಗುವುದೂ ಸುಲಭವಲ್ಲ. ಬೆಂಗಳೂರು ನಗರದ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿಗೆ ಸಂಬಂಧಿಸಿದ 2005ರ ಆದೇಶ ಇದಕ್ಕೆ ದೊಡ್ಡ ತೊಡಕಾಯಿತು. ಕನ್ನಡ ಪತ್ರಿಕೆಗಳಲ್ಲಿ ‘ಲೈವ್ ಬ್ಯಾಂಡ್’ ಎಂದರೆ ಬಾರುಗಳಲ್ಲಿ ಹೆಣ್ಣುಮಕ್ಕಳನ್ನು ಹಾಡಿಸಿ ಕುಣಿಸುವ ವ್ಯವಹಾರ ಎಂದೇ ರೂಢಿಯಾಗಿತ್ತು. ಅದನ್ನು ಹದ್ದಿಗೆ ತರಲು ಹೊರಟ ನಿಯಮದೊಳಗೆ ಗಿಟಾರ್ ಹಿಡಿದು ಸ್ವಂತ ಹಾಡು ನುಡಿಸುವವರೂ ಸಿಕ್ಕಿಕೊಂಡರು. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿದ ಮೇಲೆ ಹಲವು ಪಬ್‌ಗಳು ನೇರ ಸಂಗೀತವನ್ನು ನಿಲ್ಲಿಸಿದವು. ಹೊಸ ತಂಡವೊಂದು ನೂರು ಜನರ ಮುಂದೆ ತಪ್ಪು ಮಾಡಿ ಕಲಿಯುವ ವೇದಿಕೆಗಳು ಹೀಗೆ ಕಡಿಮೆಯಾದವು. ಕ್ರಿಪ್ಟೋಸ್‌ನ ಆಲ್ಬಂಗಳನ್ನು ಜರ್ಮನಿಯ ಕಂಪನಿ ಹೊರತರುತ್ತದೆ, ಅದರ ದೊಡ್ಡ ವೇದಿಕೆಗಳೂ ಯುರೋಪಿನಲ್ಲಿವೆ. ಊರಿನಲ್ಲಿ ಕಟ್ಟಿದ ಸಂಗೀತ ಊರಿಗಿಂತ ಹೊರಗೆ ಹೆಚ್ಚು ಕೇಳಿಸುತ್ತಿದೆ.

ಆಲ್ಬಂ ಸಿಡಿ ಮತ್ತು ಗ್ರಾಮಫೋನ್ ತಟ್ಟೆಯ ರೂಪಗಳಲ್ಲಿಯೂ ಅಂತರ್ಜಾಲದ ಸಂಗೀತ ತಾಣಗಳಲ್ಲಿಯೂ ಸಿಗುತ್ತದೆ. ಹಿಂದೆ ಇಂಥ ಸಂಗೀತ ಕೇಳಬೇಕೆಂದರೆ ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಹುಡುಗ ಬೆಂಗಳೂರಿಗೆ ಓದಲು ಹೋಗಿ, ಕ್ಯಾಸೆಟ್ ಇರುವ ಗೆಳೆಯನನ್ನು ಸಂಪಾದಿಸಬೇಕಿತ್ತು. ಈಗ ಆಲ್ಬಂ ಬಿಡುಗಡೆಯಾದ ಗಳಿಗೆಯಲ್ಲಿ ಅದು ಹಡಗಲಿಯ ಬಸ್ ನಿಲ್ದಾಣದಲ್ಲಿ ಕೂತವನ ಕೈಗೂ ಬರುತ್ತದೆ. ಕೇಳುವಾಗ ಒಂದು ಎಚ್ಚರ ಬೇಕು. ಫೋನಿನ ಪುಟ್ಟ ಸ್ಪೀಕರ್ ಮಂದ್ರದ ಕಂಪನವನ್ನು ಹೊರಡಿಸಲಾರದು. ಬಾಸ್ ಗಿಟಾರ್ ಪೂರ್ತಿ ಮಾಯವಾಗಿ, ದೊಡ್ಡ ಡ್ರಮ್ಮಿನ ಪೆಟ್ಟು ಬೆರಳಿನಿಂದ ಮೇಜು ತಟ್ಟಿದಷ್ಟಕ್ಕೆ ಇಳಿದು, ಗಿಟಾರ್‌ಗಳು ನೊಣದ ಗುಂಯ್‌ಗುಡುವಿಕೆಯಂತೆ ಕೇಳುತ್ತವೆ. ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ, ಅದಕ್ಕೂ ಮಿಗಿಲಾಗಿ ಆಳಿನೆತ್ತರದ ಸ್ಪೀಕರ್ ಪೆಟ್ಟಿಗೆಯಲ್ಲಿ ಕೇಳಿದಾಗ ಎಡಕ್ಕೆ ಒಂದು ಗಿಟಾರ್, ಬಲಕ್ಕೆ ಇನ್ನೊಂದು, ನಡುವೆ ಡ್ರಮ್ಮು, ಅದರ ಬುಡದಲ್ಲಿ ಬಾಸ್ ಹೀಗೆ ನಾಲ್ವರೂ ತಮ್ಮ ತಮ್ಮ ಜಾಗದಲ್ಲಿ ನಿಂತದ್ದು ತಿಳಿಯುತ್ತದೆ.